ಕಾಲು ಉಳುಕಿತಾ, ಸೊಂಟ ಹಿಡೀತಾ? ಮೊದಲ 3 ದಿನ ನೀವಿಸಬೇಡಿ, ಬಿಸಿ ಶಾಖವೂ ಬೇಡ

ಬೆಳಗ್ಗೆ ಅಂಗಡಿ ಶಟರ್ ಎತ್ತುವಾಗ ಸೊಂಟದಲ್ಲಿ ಚಳಕ್ ಅನ್ನುತ್ತೆ. ಚರಂಡಿ ಮೇಲಿನ ಚಪ್ಪಡಿ ಅಲುಗಾಡಿ ಕಾಲು ಹೊರಳುತ್ತೆ. ಸಂತೆ ದಿನ 50 ಕೆಜಿ ಮೂಟೆ ಇಳಿಸುವಾಗ ಭುಜ ಹಿಡಿದುಕೊಳ್ಳುತ್ತೆ. "ಎಣ್ಣೆ ಹಚ್ಚಿ ಚೆನ್ನಾಗಿ ನೀವಿಸ್ಕೊ, ಬಿಸಿನೀರು ಹುಯ್ಕೊ, ಸಂಜೆಗೆ ಸರಿಹೋಗುತ್ತೆ" ಅಂತ ಪಕ್ಕದವರು ಹೇಳ್ತಾರೆ. ಸಂಜೆಗೆ ನೋಡಿದರೆ ಕಾಲು ಇನ್ನೂ ಊದಿಕೊಂಡಿರುತ್ತೆ.

ಅಂಗಡಿ ಮುಚ್ಚಿದರೆ ವ್ಯಾಪಾರ ಹೋಯ್ತು, ಕೆಲಸಕ್ಕೆ ಹೋಗದಿದ್ದರೆ ಕೂಲಿ ಹೋಯ್ತು. ಹಾಗಾಗಿ ಅವಸರ ಸಹಜ. ಆದರೆ ಮೊದಲ ಎರಡು ಮೂರು ದಿನ ಮಾಡುವ ತಪ್ಪಿನಿಂದ ವಾರದಲ್ಲಿ ಹೋಗಬೇಕಾದ ನೋವು ತಿಂಗಳುಗಟ್ಟಲೆ ಉಳಿಯಬಹುದು.

ಒಳಗೆ ಆಗಿರೋದೇನು?

ಮೂಳೆಗೆ ಮೂಳೆ ಕಟ್ಟಿರುವ ಗಟ್ಟಿ ಪಟ್ಟಿಗೆ ಲಿಗಮೆಂಟ್ ಅಂತಾರೆ. ಅದು ಜಗ್ಗಿದರೆ ಅಥವಾ ಹರಿದರೆ ಉಳುಕು. ಪಾದ ಒಳಕ್ಕೆ ಮಡಚಿ ಗಿಣ್ಣಿನ ಹೊರಬದಿಯ ಲಿಗಮೆಂಟ್‌ಗೆ ಪೆಟ್ಟಾಗೋದೇ ಹೆಚ್ಚು. ಮಾಂಸಖಂಡ ಅಥವಾ ಅದನ್ನು ಮೂಳೆಗೆ ಸೇರಿಸುವ ನರದಂಥ ಹುರಿ ಜಗ್ಗಿದರೆ ಅದು ಸ್ನಾಯು ಎಳೆತ. ಸೊಂಟ, ತೊಡೆಯ ಹಿಂಭಾಗ, ಮೀನಖಂಡದಲ್ಲಿ ಇದು ಜಾಸ್ತಿ. ಎರಡರಲ್ಲೂ ಒಳಗೆ ಸಣ್ಣ ರಕ್ತನಾಳಗಳು ಒಡೆದಿರುತ್ತವೆ. ಊತ, ನೀಲಿ ಕಟ್ಟುವುದು ಅದರಿಂದಲೇ. ಆ ಜಾಗವನ್ನು ಅವತ್ತೇ ತಿಕ್ಕಿ ನೀವಿದರೆ, ಬಿಸಿ ಕೊಟ್ಟರೆ ರಕ್ತ ಇನ್ನೂ ಒಸರಿ ಊತ ಹೆಚ್ಚಾಗುತ್ತೆ.

ಮೊದಲು ನೋಡಿ, ಮೂಳೆ ಮುರಿದಿದೆಯಾ?

"ಬೆರಳು ಆಡಿಸೋಕೆ ಬರುತ್ತೆ, ಅಂದ್ರೆ ಮುರಿದಿಲ್ಲ" ಅನ್ನೋ ಮಾತು ತಪ್ಪು. ಮುರಿದಿದ್ದರೂ ಬೆರಳು ಆಡುತ್ತೆ. ಎಕ್ಸ್‌ರೇ ಬೇಕಾ ಬೇಡ್ವಾ ಅಂತ ತಿಳಿಯಲು ವೈದ್ಯರು ಬಳಸುವ ಒಂದು ನಿಯಮವಿದೆ. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ಈ ನಿಯಮ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಗಿಣ್ಣು ಅಥವಾ ಪಾದ ನೋಯುತ್ತಿದ್ದು, ಕೆಳಗಿನ ಒಂದಾದರೂ ಇದ್ದರೆ ಎಕ್ಸ್‌ರೇ ಬೇಕು:

- ಕುಂಟುತ್ತಲಾದರೂ 4 ಹೆಜ್ಜೆ ಇಡಲು ಬಿದ್ದ ತಕ್ಷಣವೂ ಆಗಲಿಲ್ಲ, ಆಸ್ಪತ್ರೆಗೆ ಬಂದಾಗಲೂ ಆಗಲ್ಲ
- ಗಿಣ್ಣಿನ ಎರಡು ಬದಿ ಉಬ್ಬಿರುವ ಮೂಳೆಯ ತುದಿ ಅಥವಾ ಹಿಂದಿನ ಅಂಚು ಒತ್ತಿದರೆ ನೋವು
- ಪಾದದ ಹೊರ ಅಂಚಿನ ಮಧ್ಯೆ ಉಬ್ಬಿದ ಮೂಳೆ, ಅಥವಾ ಒಳಬದಿಯ ಮಧ್ಯದ ಮೂಳೆ ಒತ್ತಿದರೆ ನೋವು

ಕಾಲು ಸೊಟ್ಟಗಾಗಿದ್ದರೆ, ಪಾದ ತಣ್ಣಗಾಗಿ ಮರಗಟ್ಟಿದ್ದರೆ ಕಾಯಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಮುರಿದರೂ ನೋವು ಗೊತ್ತಾಗದೇ ಇರಬಹುದು. ಅಂಥವರು ಮತ್ತು ಮಕ್ಕಳನ್ನು ವೈದ್ಯರಿಗೆ ತೋರಿಸೋದೇ ಸರಿ. ಎಕ್ಸ್‌ರೇ ಆಗುವ ಮೊದಲು ಯಾರ ಕೈಯಲ್ಲೂ ಕಾಲು ಎಳೆಸಿ "ಉಳುಕು ತೆಗೆಸಬೇಡಿ". ಬಿರುಕು ಬಿಟ್ಟ ಮೂಳೆ ಜರುಗಬಹುದು.

ಮೊದಲ 2-3 ದಿನ

- ಕೆಲಸ ನಿಲ್ಲಿಸಿ. ನೋವಾಗುವ ಕಾಲಿನ ಮೇಲೆ ಭಾರ ಬೇಡ. ಕೋಲೋ ಊರುಗೋಲೋ ಹಿಡಿಯಿರಿ.
- ತಂಪು ಇಡಿ. ಐಸ್ ಪ್ಯಾಕೇ ಬೇಕಂತಿಲ್ಲ. ಕವರಿನಲ್ಲಿ ಐಸ್ ತುಂಡು ಅಥವಾ ಫ್ರಿಜ್‌ನ ತಣ್ಣನೆ ಬಾಟಲಿ ಸಾಕು. ಬಟ್ಟೆ ಸುತ್ತಿ 15-20 ನಿಮಿಷ ಇಡಿ, ಎರಡು ಮೂರು ಗಂಟೆಗೊಮ್ಮೆ. ಐಸ್ ನೇರವಾಗಿ ಚರ್ಮಕ್ಕೆ ತಾಗಿದರೆ ಸುಟ್ಟಂತಾಗುತ್ತೆ. ಸ್ಪರ್ಶ ಗೊತ್ತಾಗದ ಪಾದಕ್ಕೆ ಐಸ್ ಬೇಡ.
- ಕ್ರೇಪ್ ಬ್ಯಾಂಡೇಜ್ ಸುತ್ತಿ. ಬೆರಳ ಕಡೆಯಿಂದ ಮೇಲಕ್ಕೆ. ಬೆರಳು ನೀಲಿಯಾದರೆ, ಜುಂ ಅಂದರೆ ಬಿಗಿ ಜಾಸ್ತಿಯಾಗಿದೆ, ಸಡಿಲಿಸಿ. ಮಲಗುವಾಗ ಬಿಚ್ಚಿ.
- ಕಾಲು ಎತ್ತರಕ್ಕಿಡಿ. ಮಲಗಿ, ಎದೆಗಿಂತ ಮೇಲೆ ಬರುವಂತೆ ದಿಂಬಿನ ಮೇಲೆ.
- ಕುಡಿತ ಬೇಡ. ಮದ್ಯದಿಂದ ಊತ ಹೆಚ್ಚುತ್ತೆ, ನೋವು ಗೊತ್ತಾಗದೆ ಮತ್ತೆ ಕಾಲೂರುವ ಅಪಾಯವೂ ಇದೆ.

ನೋವಿಗೆ ಪ್ಯಾರಸಿಟಮಾಲ್ ಸಾಕಾಗಬಹುದು. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಹೊಟ್ಟೆ ಹುಣ್ಣು, ಕಿಡ್ನಿ, ಬಿಪಿ, ಹೃದಯದ ತೊಂದರೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಬಾರದು.

ಆಮೇಲೆ ಮಲಗಿಬಿಡಬೇಡಿ

ಇನ್ನೊಂದು ತಪ್ಪು ಅಂದರೆ ಹೆದರಿ ವಾರಗಟ್ಟಲೆ ಕಾಲು ಆಡಿಸದೇ ಇರೋದು. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ವಿಶ್ರಾಂತಿ, ಐಸ್, ಬಿಗಿಕಟ್ಟು, ಎತ್ತರ ಎಂಬ ಸೂತ್ರ ಕೊಟ್ಟರು. ಅವರೇ 2014ರಲ್ಲಿ ಮಾತು ತಿದ್ದಿಕೊಂಡು, ಹೆಚ್ಚು ಐಸ್, ಪೂರ್ತಿ ವಿಶ್ರಾಂತಿ ಗುಣವಾಗೋದನ್ನು ತಡಮಾಡಬಹುದು ಅಂದರು. ಐಸ್ ನೋವು ಕಡಿಮೆ ಮಾಡೋಕೆ ಮಾತ್ರ, ವಾಸಿ ಮಾಡೋದು ನಿಧಾನವಾದ ಚಲನೆ.

ಊತ ಇಳಿಯುತ್ತಿದ್ದಂತೆ ಕೂತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ. ಗಿಣ್ಣು ಎಲ್ಲ ಕಡೆ ತಿರುಗುತ್ತೆ. ನೋವು ಕಡಿಮೆಯಾದ ಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ನಂತರ ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲೋದನ್ನು ರೂಢಿ ಮಾಡಿ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕೋದನ್ನು ಇದು ತಡೆಯುತ್ತೆ. ಬಿಸಿ ಶಾಖ, ಮೆಲ್ಲಗೆ ನೀವುವುದು ಬೇಕಿದ್ದರೆ ಈಗ, ಊತ ಇಳಿದ ಮೇಲೆ.

ಸೊಂಟ ಹಿಡಿದಿದ್ದರೆ

ಹಾಸಿಗೆ ಹಿಡಿಯಬೇಡಿ, ಆದಷ್ಟು ಓಡಾಡಿ. ಭಾರ ಎತ್ತೋದು ಮಾತ್ರ ಬಿಡಿ. ಕಾಲಿನ ಶಕ್ತಿ ಕುಗ್ಗಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅದು ಬರೀ ಹಿಡಿತವಲ್ಲ. ಆ ಕೂಡಲೇ ಆಸ್ಪತ್ರೆಗೆ ಹೋಗಿ.

ಎಷ್ಟು ದಿನ?

ಸಣ್ಣ ಉಳುಕು ಒಂದರಿಂದ ಮೂರು ವಾರ. ಅರ್ಧ ಹರಿದಿದ್ದರೆ ಮೂರರಿಂದ ಆರು ವಾರ. ಪೂರ್ತಿ ಹರಿದಿದ್ದರೆ ತಿಂಗಳುಗಳೇ ಬೇಕು. ಐದಾರು ದಿನವಾದರೂ ಕಾಲೂರಲು ಆಗದಿದ್ದರೆ ಮತ್ತೆ ತೋರಿಸಿ.

ಇನ್ನು ಮೂಟೆ ಎತ್ತುವವರು ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ. ಮೂಟೆಯನ್ನು ಮೈಗೆ ಹತ್ತಿರ ಹಿಡಿದು ಏಳಿ, ಎತ್ತಿದ ಮೇಲೆ ಸೊಂಟ ತಿರುಚದೆ ಪಾದ ತಿರುಗಿಸಿ. ಅಂಗಡಿ ಮುಂದಿನ ಚಪ್ಪಡಿ ಅಲುಗಾಡುತ್ತಿದ್ದರೆ ಇವತ್ತೇ ಕೆಳಗೆ ಒಂದು ಕಲ್ಲು ಕೊಟ್ಟು ಗಟ್ಟಿ ಮಾಡಿ. ನಾಳೆ ಅದರ ಮೇಲೆ ಕಾಲಿಡೋದು ಗಿರಾಕಿಯೂ ಆಗಿರಬಹುದು.