ಹೊರಗಿನ ಪಾನೀಯ: ಬರೀ ಬೋರ್ಡ್ ಹಾಕಿದರೆ ಸಾಕೇ?



ನಾಗಪುರದಲ್ಲಿ ಮೇ ತಿಂಗಳ ಬಿಸಿಲು 45 ಡಿಗ್ರಿ ದಾಟುವುದು ಹೊಸದೇನಲ್ಲ. ಆ ದಿನಗಳಲ್ಲಿ ಹೋಟೆಲಿಗೆ ಬರುವ ಪ್ರತಿ ಗಿರಾಕಿಯ ಕೈಯಲ್ಲೂ ಒಂದು ಬಾಟಲಿ. ಒಬ್ಬರದು ನೀರು, ಇನ್ನೊಬ್ಬರದು ಮನೆಯ ಮಜ್ಜಿಗೆ. ಕೆಲವರು ಎದುರಿನ ಗಾಡಿಯಿಂದ ಕಬ್ಬಿನ ಹಾಲು ತಂದು ನಮ್ಮ ಟೇಬಲ್ಲಿನ ಮೇಲಿಟ್ಟು, ಎರಡು ಪ್ಲೇಟ್ ಇಡ್ಲಿಗೆ ಆರ್ಡರ್ ಕೊಡುತ್ತಾರೆ. 'ಹೊರಗಿನ ತಿಂಡಿ, ಪಾನೀಯ ತರಬಾರದು' ಎಂಬ ಬೋರ್ಡ್ ಗೋಡೆಯಲ್ಲಿದೆ. ಆದರೂ ವಾದ ತಪ್ಪುವುದಿಲ್ಲ. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಕಾನೂನು ಯಾರ ಕಡೆ?

ಈ ಜಗಳ ದೊಡ್ಡದಾಗಿದ್ದು ಮಲ್ಟಿಪ್ಲೆಕ್ಸ್‌ಗಳಿಂದ. 2018ರ ಜುಲೈನಲ್ಲಿ ಮಹಾರಾಷ್ಟ್ರದ ಮಳೆಗಾಲದ ಅಧಿವೇಶನ ನಮ್ಮ ನಾಗಪುರದಲ್ಲೇ ನಡೆದಿತ್ತು. ಮಲ್ಟಿಪ್ಲೆಕ್ಸ್‌ಗೆ ಹೊರಗಿನ ತಿಂಡಿ ಒಯ್ಯಲು ಅಡ್ಡಿಯಿಲ್ಲ ಎಂದು ಸಚಿವರು ಸದನದಲ್ಲಿ ಹೇಳಿದರು. ಜನ ಖುಷಿಪಟ್ಟರು. ಮರುತಿಂಗಳೇ ಸರ್ಕಾರ ಬಾಂಬೆ ಹೈಕೋರ್ಟಿನಲ್ಲಿ ಭದ್ರತೆಯ ಕಾರಣ ಕೊಟ್ಟು, ತಾನು ಇದರಲ್ಲಿ ಕೈಹಾಕುವ ಅಗತ್ಯವಿಲ್ಲ ಎಂದಿತು.

ಕೊನೆಗೆ 2023ರ ಜನವರಿ 3ರಂದು ಜಮ್ಮು ಕಾಶ್ಮೀರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಚಿತ್ರಮಂದಿರದ ಮಾಲೀಕ ಹೊರಗಿನ ತಿಂಡಿ, ಪಾನೀಯ ಬೇಡವೆನ್ನಬಹುದು. ಒಳಗೆ ನಿಂಬೆ ಪಾನಕಕ್ಕೆ 20 ರೂಪಾಯಿ ಇದೆಯೆಂದು, ಹೊರಗಿನಿಂದ ನಿಂಬೆಹಣ್ಣು ತಂದು ಒಳಗೇ ಹಿಂಡಿಕೊಳ್ಳುತ್ತೇನೆ ಎನ್ನುವ ಹಾಗಿಲ್ಲ ಎಂಬ ಮಾತು ಆ ವಿಚಾರಣೆಯಲ್ಲೇ ಬಂತು. ಆದರೆ ಶುದ್ಧ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಹಸುಗೂಸಿನ ಆಹಾರಕ್ಕೆ ತಡೆ ಇರಬಾರದು ಎಂದೂ ಕೋರ್ಟ್ ಹೇಳಿತು. ತೀರ್ಪು ಚಿತ್ರಮಂದಿರದ್ದು, ನಿಜ. ಆದರೂ ಅದರ ನೀತಿ ನಮಗೂ ದಾರಿ ತೋರಿಸುತ್ತದೆ.

ಹಡಗಿನವರಿಂದ ಕಲಿಯುವುದು

2021ರಲ್ಲಿ ಮುಂಬೈನಿಂದ ಕಾರ್ಡೇಲಿಯಾ ಕ್ರೂಸ್ ಶುರುವಾದ ಮೇಲೆ ನಮ್ಮ ಕಡೆಯವರೂ ಹಡಗಿನ ಪ್ರವಾಸಕ್ಕೆ ಹೋಗತೊಡಗಿದ್ದಾರೆ. ಹಡಗಿನ ಲೋಕದಲ್ಲಿ ಪಾನೀಯದ ನಿಯಮ ಬಹಳ ಬಿಗಿ. ಅಮೆರಿಕದ ಕಾರ್ನಿವಲ್ ಕಂಪನಿ 2015ರಲ್ಲಿ ಪ್ರಯಾಣಿಕರು ನೀರು, ಸೋಡಾ ಬಾಟಲಿ ತರುವುದನ್ನೇ ನಿಲ್ಲಿಸಿತು. ಬಾಟಲಿಯಲ್ಲಿ ಮದ್ಯ ಅಡಗಿಸಿ ತರುತ್ತಿದ್ದುದು ಒಂದು ಕಾರಣ. ಒಬ್ಬರಿಗೆ 12 ಸೀಲಾದ ಸಣ್ಣ ಡಬ್ಬಿ ಮಾತ್ರ ಎಂದಿತು. ಮನೆಯಲ್ಲಿ ಹಿಂಡಿದ ರಸಕ್ಕೆ ಅಲ್ಲಿ ಜಾಗವಿಲ್ಲ. ನಾವು ಗಮನಿಸಬೇಕಾದ್ದು ಇಷ್ಟೇ: ಹಡಗಿನವರು ಈ ನಿಯಮವನ್ನು ಟಿಕೆಟ್ ಮಾಡಿಸುವಾಗಲೇ ಹೇಳಿಬಿಡುತ್ತಾರೆ. ನಾವು ಹೇಳುವುದು ಗಿರಾಕಿ ಬಾಟಲಿಯ ಮುಚ್ಚಳ ತೆಗೆದ ಮೇಲೆ. ಜಗಳ ಆಗದೆ ಇನ್ನೇನು?

ಹೆಸರು ನಮ್ಮದು, ರಸ ಅವರದು

ಕೇಟರಿಂಗ್ ಮಾಡುವವರಿಗೆ ಇದು ಇನ್ನೂ ದೊಡ್ಡ ತಲೆನೋವು. ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ನಾನು ಊಟ ಒಪ್ಪಿಕೊಂಡಿದ್ದ ಮದುವೆಯೊಂದಕ್ಕೆ ಮನೆಯವರು ಬೆಳಿಗ್ಗೆಯೇ ಸಂತ್ರಾ ರಸ ಹಿಂಡಿಸಿ ಕ್ಯಾನುಗಳಲ್ಲಿ ತಂದರು. 'ನೀವು ಬಡಿಸಿದರೆ ಸಾಕು' ಅಂದರು. ಮಧ್ಯಾಹ್ನದ ಪಂಕ್ತಿ ಹೊತ್ತಿಗೆ ರಸವೆಲ್ಲ ಕಹಿ. ಕ್ಯಾನ್ ಯಾರದೆಂದು ಅತಿಥಿಗಳಿಗೇನು ಗೊತ್ತು? ಬಡಿಸುವ ಹುಡುಗರ ಸಮವಸ್ತ್ರದ ಮೇಲೆ ನಮ್ಮ ಹೆಸರಿತ್ತು. ಬೈಗುಳವೂ ನಮಗೇ ಬಂತು, ಬಿಲ್ಲಿನಲ್ಲಿ ದುಡ್ಡೂ ಮುರಿದುಕೊಂಡರು.

ನಾಗಪುರದ ಸಂತ್ರಾಕ್ಕೆ 2014ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ರುಚಿಗೆ ಸಾಟಿಯಿಲ್ಲ. ಆದರೆ ಹಿಂಡಿಟ್ಟರೆ ಕೆಲವು ಗಂಟೆಗಳಲ್ಲೇ ಲಿಮೋನಿನ್ ಎಂಬ ಅಂಶ ಹೆಚ್ಚಿ ರಸ ಕಹಿಯಾಗುತ್ತದೆ. ಬೀಜ ಅರೆದುಹೋದರಂತೂ ಇನ್ನೂ ಬೇಗ. ಅಂದು ಬರೀ ಕಹಿಯಾಯಿತು. ವಾಂತಿ ಭೇದಿ ಆಗಿದ್ದರೆ? ತಣ್ಣಗಿನ ಪದಾರ್ಥ 5 ಡಿಗ್ರಿಯ ಒಳಗಿರಬೇಕು. ಕ್ಯಾನಿಗೆ ಹಾಕಿದ ಐಸ್ ಎಲ್ಲಿಯದೋ ಯಾರಿಗೆ ಗೊತ್ತು? ತಿನ್ನಲು ಬಾರದ ಐಸಿಗೆ ನೀಲಿ ಬಣ್ಣ ಹಾಕಬೇಕೆಂಬ ನಿಯಮ 2018ರಲ್ಲಿ ಬಂದದ್ದು ಸುಮ್ಮನೆ ಅಲ್ಲ. 2022ರಿಂದ ಬಿಲ್ಲಿನ ಮೇಲೂ ನಮ್ಮ ಫುಡ್ ಲೈಸೆನ್ಸ್ ನಂಬರ್ ಇರಬೇಕು. ಏನಾದರೂ ಆದರೆ ಅಧಿಕಾರಿಗಳು ಮೊದಲು ಹುಡುಕುವುದು ಆ ನಂಬರಿನವರನ್ನೇ.

ನನ್ನ ಸಲಹೆಗಳು

1. ಕುಡಿಯುವ ನೀರು ಪುಕ್ಕಟೆ ಕೊಡಿ, ತಣ್ಣಗೆ ಕೊಡಿ. ಗಿರಾಕಿಯ ನೀರಿನ ಬಾಟಲಿಗೆ ತಕರಾರು ಬೇಡ.

2. ಮಗುವಿನ ಹಾಲು, ರೋಗಿಯ ಗಂಜಿ ತಂದರೆ ಕೇಳುವ ಮೊದಲೇ ಬಿಸಿ ಮಾಡಿಕೊಡಿ. ಆ ಮನೆಯವರು ನಿಮ್ಮನ್ನು ಮರೆಯುವುದಿಲ್ಲ.

3. ಪಾರ್ಟಿ ಬುಕಿಂಗ್ ಆಗುವಾಗಲೇ ನಿಯಮ ಹೇಳಿ, ಆರ್ಡರ್ ಫಾರಂನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.

4. ತೆರೆದ ಕ್ಯಾನಿನ ರಸ, ಮಜ್ಜಿಗೆಯನ್ನು ನಮ್ಮ ಹುಡುಗರು ಮುಟ್ಟಬಾರದು. ಹಟ ಮಾಡಿದರೆ ಬೇರೆ ಟೇಬಲ್, ಅವರದೇ ಜನ, ಅವರದೇ ಜವಾಬ್ದಾರಿ.

5. ಲೈಸೆನ್ಸ್ ಇಲ್ಲದ ಮದ್ಯ ನಮ್ಮ ಪಂಕ್ತಿಯ ಹತ್ತಿರವೂ ಬೇಡ. ಇದರಲ್ಲಿ ದಾಕ್ಷಿಣ್ಯ ಸಲ್ಲದು.

6. ಸಂತ್ರಾ, ನಿಂಬೆ, ಮಜ್ಜಿಗೆ ಮೂರನ್ನೂ ಗಿರಾಕಿಯ ಕಣ್ಣೆದುರೇ ಆಗಿಂದಾಗ ಮಾಡಿಕೊಡಿ. ದರ ಎದುರಿನ ಗಾಡಿಗಿಂತ ತುಸು ಹೆಚ್ಚಿದ್ದರೂ ನಡೆಯುತ್ತದೆ, ದುಪ್ಪಟ್ಟು ಬೇಡ. ಒಳಗೆ ತಾಜಾ ಸಿಕ್ಕರೆ ಹೊರಗಿನಿಂದ ಹೊತ್ತು ತರುವವರು ತಾನಾಗಿ ಕಡಿಮೆಯಾಗುತ್ತಾರೆ.

ಬೇಸಿಗೆಯ ಮದುವೆ ಬುಕಿಂಗ್ ಶುರುವಾಗುವ ಮೊದಲೇ ನಿಮ್ಮ ಆರ್ಡರ್ ಫಾರಂ ಒಮ್ಮೆ ತೆಗೆದು ನೋಡಿ. ಪಾನೀಯದ ಬಗ್ಗೆ ಒಂದು ಸಾಲು ಇಲ್ಲದಿದ್ದರೆ ಇಂದೇ ಸೇರಿಸಿ.