ಶಿರಸ್ತೇದಾರರ ಗಂಟೆ

ಈಚೆಗೆ ಓದುಗರೊಬ್ಬರು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಅವರ ಕಚೇರಿಯ ಸರ್ವರಿಗೆ ಹತ್ತು ಗಿಗಾಬಿಟ್ ವೇಗದ ನೆಟ್‌ವರ್ಕ್ ಕಾರ್ಡನ್ನು ಹಾಕಿಸಿದ್ದಾಯಿತು. ದೊಡ್ಡ ಕಡತಗಳನ್ನು ಸಾಗಿಸುವಾಗ ಅದು ಆಶ್ವಾಸನೆ ಕೊಟ್ಟ ವೇಗವನ್ನು ಚಾಚೂ ತಪ್ಪದೆ ತೋರಿಸಿತು. ಆದರೆ ಹೆಸರು ಹೇಳಿದರೆ ವಿಳಾಸ ತಿಳಿಸುವ ಡಿಎನ್‌ಎಸ್ ಕೆಲಸವನ್ನು ಅದೇ ಯಂತ್ರಕ್ಕೆ ವಹಿಸಿದೊಡನೆ, ತಂತಿಯ ಹತ್ತರಲ್ಲೊಂದು ಪಾಲು ತುಂಬುವುದಕ್ಕೆ ಮೊದಲೇ ಯಂತ್ರ ಬಸವಳಿದು ಕುಳಿತಿತಂತೆ. ರಸ್ತೆ ಬರಿದಾಗಿರುವಾಗ ಗಾಡಿ ಏಕೆ ಓಡದು ಎಂಬುದು ಅವರ ಪ್ರಶ್ನೆ.

ಇದರಲ್ಲಿ ಮಾಯೆ ಏನೂ ಇಲ್ಲ. ಮಾರುವವರು ವೇಗವನ್ನು ಬಿಟ್ಟುಗಳಲ್ಲಿ ಅಳೆದು ಮಾರುತ್ತಾರೆ; ಯಂತ್ರವಾದರೋ ದುಡಿಯುವುದು ಪ್ಯಾಕೆಟ್ಟುಗಳ ಲೆಕ್ಕದಲ್ಲಿ. ಈಥರ್ನೆಟ್ಟಿನಲ್ಲಿ ಒಂದು ಪ್ಯಾಕೆಟ್ಟನ್ನು ಹೊತ್ತು ತರುವ ಚೌಕಟ್ಟು 64 ಬೈಟಿಗಿಂತ ಕಿರಿದಾಗುವಂತಿಲ್ಲ. ಅದರ ಮುಂದೆ ಬರುವ ಪೂರ್ವಸೂಚನೆಯ 8 ಬೈಟು, ಹಿಂದೆ ಬಿಡಬೇಕಾದ ತೆರಪಿನ 12 ಬೈಟು ಕೂಡಿದರೆ 84 ಬೈಟು, ಅಂದರೆ 672 ಬಿಟ್ಟು. ಹತ್ತು ಗಿಗಾಬಿಟ್ಟಿನ ತಂತಿಯಲ್ಲಿ ಇಂಥವು ಸೆಕೆಂಡಿಗೆ 1 ಕೋಟಿ 48 ಲಕ್ಷ 80 ಸಾವಿರಕ್ಕೂ ಮೇಲ್ಪಟ್ಟು ಬರಬಲ್ಲವು. 1518 ಬೈಟಿನ ದೊಡ್ಡ ಚೌಕಟ್ಟುಗಳಾದರೆ ಅದೇ ತಂತಿಯಲ್ಲಿ 8 ಲಕ್ಷ 12 ಸಾವಿರದಷ್ಟೇ ಹಿಡಿಸುವುದು. ಒಳಗಿರುವುದು ಒಂದು ಅಕ್ಷರವೇ ಆಗಲಿ, ಒಂದು ಅಧ್ಯಾಯವೇ ಆಗಲಿ, ಪ್ಯಾಕೆಟ್ಟೊಂದನ್ನು ಬರಮಾಡಿಕೊಂಡು, ವಿಳಾಸ ಓದಿ, ಸಲ್ಲಬೇಕಾದ ಸ್ಥಾನಕ್ಕೆ ಸಲ್ಲಿಸುವ ಶ್ರಮ ಬಹುಮಟ್ಟಿಗೆ ಒಂದೇ. ಕನಿಷ್ಠ ಗಾತ್ರದ ಪ್ಯಾಕೆಟ್ಟಿಗೆ ದೊರೆಯುವ ಅವಕಾಶ 67.2 ನ್ಯಾನೊಸೆಕೆಂಡು, 3 ಗಿಗಾಹರ್ಟ್ಸಿನ ಪ್ರೊಸೆಸರಿಗೆ ಅದು ಸುಮಾರು 200 ಮಿಡಿತ. ಮುಖ್ಯ ಸ್ಮೃತಿಯವರೆಗೆ ಒಮ್ಮೆ ಹೋಗಿಬರುವುದಕ್ಕೇ ಹೆಚ್ಚುಕಡಿಮೆ ಅಷ್ಟು ಕಾಲ ಬೇಕು.

ಹಳೆಯ ತಾಲ್ಲೂಕು ಕಚೇರಿಯೊಂದನ್ನು ಕಲ್ಪಿಸಿಕೊಳ್ಳೋಣ. ಶಿರಸ್ತೇದಾರರು ಒಳಗೆ ಕುಳಿತು ಕಡತ ನೋಡುತ್ತಿದ್ದಾರೆ, ಬಾಗಿಲಲ್ಲಿ ಜವಾನ. ಟಪಾಲು ಬಂದಾಗಲೆಲ್ಲ ಜವಾನ ಗಂಟೆ ಬಾರಿಸತಕ್ಕದ್ದು, ಗಂಟೆ ಕೇಳಿದೊಡನೆ ಶಿರಸ್ತೇದಾರರು ಕೈಯಲ್ಲಿದ್ದ ಲೇಖನಿಯನ್ನು ಕೆಳಗಿಟ್ಟು, ಓದುತ್ತಿದ್ದ ಹಾಳೆಗೆ ಗುರುತಿಟ್ಟು, ಎದ್ದುಹೋಗಿ ಕಾಗದವನ್ನು ತಂದು ಬುಟ್ಟಿಗೆ ಹಾಕತಕ್ಕದ್ದು ಎಂಬುದು ಅಲ್ಲಿಯ ನಿಯಮ. ದಿನಕ್ಕೆ ಹತ್ತು ಕಾಗದ ಬರುವ ಕಾಲದಲ್ಲಿ ಇದಕ್ಕಿಂತ ಮೇಲಾದ ಏರ್ಪಾಡಿಲ್ಲ. ಆದರೆ ಯಾವುದೋ ದಿವಸ ಊರಿಗೆ ಊರೇ ಅರ್ಜಿ ಬರೆಯತೊಡಗಿತೆನ್ನಿ. ಗಂಟೆ ನಿಲ್ಲುವುದಿಲ್ಲ, ಎದ್ದವರು ಕೂರುವುದಿಲ್ಲ, ಬುಟ್ಟಿ ತುಂಬಿ ಕಾಗದಗಳು ನೆಲಕ್ಕೆ ಬೀಳುತ್ತವೆ, ಬಿದ್ದುವನ್ನು ಸಂಜೆ ಕಸದ ಜೊತೆ ಗುಡಿಸುತ್ತಾರೆ. ಆ ದಿನ ಶಿರಸ್ತೇದಾರರಷ್ಟು ದುಡಿದವರು ತಾಲ್ಲೂಕಿನಲ್ಲೇ ಇಲ್ಲ. ಇತ್ಯರ್ಥವಾದ ಅರ್ಜಿಯೂ ಒಂದಿಲ್ಲ.

ಜವಾನನ ಸ್ಥಾನದಲ್ಲಿ ನೆಟ್‌ವರ್ಕ್ ಕಾರ್ಡನ್ನೂ ಗಂಟೆಯ ಸ್ಥಾನದಲ್ಲಿ ಇಂಟರಪ್ಟನ್ನೂ ಇಟ್ಟುಕೊಂಡರೆ ನಮ್ಮ ಓದುಗರ ಸರ್ವರಿಗೆ ಒದಗಿದ ದುರವಸ್ಥೆ ಇದೇ. ಈ ಗಂಟೆಯನ್ನು ಕಟ್ಟಿದವರೇನೂ ಅವಿವೇಕಿಗಳಲ್ಲ. ನಿಧಾನಗತಿಯ ಉಪಕರಣಗಳಿಗಾಗಿ ಪ್ರೊಸೆಸರು ಕಾದು ಕಾಲಹರಣ ಮಾಡಬಾರದೆಂಬುದೇ ಅದರ ಉದ್ದೇಶ; ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ ವಿದ್ವಾಂಸನು 1959ರಲ್ಲಿ ಎಕ್ಸ್1 ಎಂಬ ಯಂತ್ರದ ಇಂಟರಪ್ಟುಗಳನ್ನು ನಿರ್ವಹಿಸುವ ಕ್ರಮವನ್ನೇ ತನ್ನ ಡಾಕ್ಟರೇಟ್ ಪ್ರಬಂಧದ ವಸ್ತುವನ್ನಾಗಿ ಮಾಡಿಕೊಂಡಿದ್ದನು. ಹೊರಗಿನದು ನಿಧಾನ, ಒಳಗಿನದು ವೇಗ ಎಂಬ ಭಾವನೆ ತಲೆಕೆಳಗಾದದ್ದು ಅನಂತರದ ಮಾತು.

ಈ ರೋಗದ ನಿದಾನವನ್ನು ಶಾಸ್ತ್ರೀಯವಾಗಿ ಮಾಡಿ, ಚಿಕಿತ್ಸೆಯನ್ನೂ ಹೇಳಿದವರು ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್, ಇವರಲ್ಲಿ ಎರಡನೆಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದವರೆಂಬುದನ್ನು ನೆನೆದರೆ ನಮಗೆ ಒಂದಿಷ್ಟು ಅಭಿಮಾನವಾಗುವುದು ಸಹಜ. 1996ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ, ಪ್ಯಾಕೆಟ್ಟುಗಳನ್ನು ಶೋಧಿಸಿ ಮುಂದಕ್ಕೆ ಕಳುಹಿಸುವ ಯಂತ್ರವೊಂದು ಸೆಕೆಂಡಿಗೆ 2000 ಪ್ಯಾಕೆಟ್ಟುಗಳನ್ನು ದಾಟಿದೊಡನೆ ಕುಗ್ಗತೊಡಗಿ, 6000ದ ಸುಮಾರಿಗೆ ಒಂದೇ ಒಂದನ್ನೂ ಹೊರಗೆ ಕಳುಹಿಸಲಾರದೆ ಹೋದ ವೃತ್ತಾಂತವಿದೆ. ಯಂತ್ರ ಸತ್ತಿರಲಿಲ್ಲ, ಕ್ಷಣಮಾತ್ರವೂ ಬಿಡುವಿಲ್ಲದೆ ಓಡುತ್ತಿತ್ತು. ಈ ಸ್ಥಿತಿಗೆ ರಿಸೀವ್ ಲೈವ್‌ಲಾಕ್ ಎಂದು ಹೆಸರು. ಬರಮಾಡಿಕೊಳ್ಳುವುದರಲ್ಲೇ ಆಯುಸ್ಸೆಲ್ಲ ಸಂದುಹೋಗುವ ಸ್ಥಿತಿ ಎಂದು ಕನ್ನಡದಲ್ಲಿ ಹೇಳಬಹುದು.

ಅವರು ಸೂಚಿಸಿದ ಉಪಾಯ ನಮ್ಮ ಕಚೇರಿಗೂ ಒಪ್ಪುವಂಥದು. ಮೊದಲ ಕಾಗದ ಬಂದಾಗ ಗಂಟೆ ಬಾರಿಸಲಿ. ಆಮೇಲೆ "ನಾನು ಹೇಳುವ ಪರ್ಯಂತ ಗಂಟೆ ಮುಟ್ಟಬೇಡ" ಎಂದು ಜವಾನನಿಗೆ ಆಜ್ಞೆಯಾಗಲಿ. ಶಿರಸ್ತೇದಾರರೇ ತಮಗೆ ಅನುಕೂಲವಾದಾಗ ಬಂದು, ಒಂದು ಮಿತಿಯವರೆಗೆ ಕಾಗದಗಳನ್ನು ಒಟ್ಟಿಗೆ ಎತ್ತಿಕೊಂಡು ಹೋಗಿ ವಿಲೇವಾರಿ ಮಾಡಲಿ. ಬಾಗಿಲಲ್ಲಿ ಕಾಗದ ಮುಗಿದ ಮೇಲೆ ಗಂಟೆಗೆ ಪುನಃ ಅಪ್ಪಣೆ. ಇದಕ್ಕಿಂತಲೂ ಮಾರ್ಮಿಕವಾದ ಮಾತೊಂದಿದೆ: ಹೇಗಿದ್ದರೂ ಕಳೆದುಹೋಗತಕ್ಕ ಕಾಗದ ಬಾಗಿಲಲ್ಲೇ ಕಳೆದುಹೋಗಲಿ. ಅರ್ಧ ಕೆಲಸ ಮಾಡಿ ಎಸೆಯುವುದಕ್ಕಿಂತ ಆರಂಭದಲ್ಲೇ ಎಸೆಯುವುದು ಲೇಸು. ಏಕೆಂದರೆ ಎಸೆದದ್ದಕ್ಕೆ ಪಟ್ಟ ಶ್ರಮ ಉಳಿದದ್ದರ ಪಾಲಿನಿಂದಲೇ ಕಳೆಯುತ್ತದೆ. ಜಮಾಲ್ ಹಾದಿ ಸಲೀಂ, ರಾಬರ್ಟ್ ಓಲ್ಸನ್, ಅಲೆಕ್ಸಿ ಕುಜ್ನೆಟ್ಸೊವ್ ಎಂಬ ಮೂವರು 2001ರಲ್ಲಿ ವಿವರಿಸಿದ, ಲಿನಕ್ಸಿನಲ್ಲಿ ಇಂದಿಗೂ ನಡೆಯುತ್ತಿರುವ ನ್ಯಾಪಿ ಎಂಬ ವ್ಯವಸ್ಥೆಯಲ್ಲಿ ಇದೇ ಯುಕ್ತಿಯಿದೆ. ಅಲ್ಲಿ ಒಂದು ಸರದಿಗೆ ರೂಢಿಯಾಗಿ 64 ಪ್ಯಾಕೆಟ್ಟುಗಳ ಮಿತಿ.

ಪ್ರೊಸೆಸರಿನಲ್ಲಿ ಹಲವು ಕೋರುಗಳಿರುವ ಈ ಕಾಲದಲ್ಲಿ ಶಿರಸ್ತೇದಾರರೂ ಹಲವರು. ಒಬ್ಬ ಅರ್ಜಿದಾರನ ಕಾಗದಗಳು ಹಿಂದುಮುಂದಾಗದಿರಲೆಂದು ಅವೆಲ್ಲವನ್ನೂ ಒಬ್ಬರ ಮೇಜಿಗೇ ಕಳುಹಿಸುವಂತೆ ಕಾರ್ಡುಗಳು ವಿಳಾಸ ನೋಡಿ ಹಂಚುತ್ತವೆ.

ಇತ್ತೀಚೆಗೆ ಕಚೇರಿಯನ್ನೇ ಬಿಟ್ಟು, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲನ್ನು ಬದಿಗೊತ್ತಿ, ಪ್ಯಾಕೆಟ್ಟುಗಳನ್ನು ನೇರವಾಗಿ ಕಾರ್ಯಕ್ರಮದ ಕೈಗೆ ಕೊಡುವ ಪದ್ಧತಿಗೆ ಬಹಳ ಪ್ರಚಾರವಿದೆ. ಪೀಸಾ ವಿಶ್ವವಿದ್ಯಾಲಯದ ಲುಯಿಜಿ ರಿಜೊ 2012ರಲ್ಲಿ ತಮ್ಮ ನೆಟ್‌ಮ್ಯಾಪ್‌ನಿಂದ, 900 ಮೆಗಾಹರ್ಟ್ಸಿಗೆ ಇಳಿಸಿದ ಒಂದೇ ಕೋರಿನಲ್ಲಿ, ಮೇಲೆ ಹೇಳಿದ ಒಂದೂವರೆ ಕೋಟಿಯಷ್ಟು ಪ್ಯಾಕೆಟ್ಟುಗಳ ಪರಮಾವಧಿಯನ್ನೇ ಮುಟ್ಟಿಸಿ ತೋರಿಸಿದ್ದು ನಿಜವಾಗಿಯೂ ಅದ್ಭುತ. ಆದರೂ ಈ ಮಾರ್ಗದ ಹೊಗಳಿಕೆಯನ್ನು ಕೇಳಿದಾಗ ನನಗೆ ಸ್ವಲ್ಪ ಅನುಮಾನ ಹುಟ್ಟುತ್ತದೆ. ಈ ಮಾರ್ಗದ ಡಿಪಿಡಿಕೆ ಮೊದಲಾದ ಸಾಧನಗಳು ಗಂಟೆಯನ್ನು ಕಿತ್ತುಹಾಕಿ, ಒಬ್ಬ ಶಿರಸ್ತೇದಾರರನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತವೆ. ಕಾಗದ ಬರಲಿ ಬಾರದಿರಲಿ ಆ ಕೋರು ಹಗಲಿರುಳೂ ಪೂರ್ತಿ ಉರಿಯುತ್ತಿರುತ್ತದೆ. ಕರ್ನಲು ತಾನಾಗಿ ಮಾಡುತ್ತಿದ್ದ ಕಾವಲು ಕೆಲಸವನ್ನೆಲ್ಲ ಹೊಸದಾಗಿ ಬರೆದುಕೊಳ್ಳಬೇಕಾಗುತ್ತದೆ. ಸಾಮಾನ್ಯ ಕಚೇರಿಯ ಡಿಎನ್‌ಎಸ್ ಸರ್ವರಿಗೆ ಇಷ್ಟು ಆಡಂಬರ ಅನಾವಶ್ಯಕ.

ಪ್ರಶ್ನೆ ಕಳುಹಿಸಿದ ಮಹನೀಯರು ಇನ್ನೊಂದು ಕಾರ್ಡನ್ನು ಕೊಳ್ಳುವುದಕ್ಕೆ ಮುಂಚೆ, ಲಿನಕ್ಸಿನ ಪ್ರೋಕ್ ಕೋಶದಲ್ಲಿ ಇಂಟರಪ್ಟ್ಸ್ ಎಂಬ ಹೆಸರಿನ ಪಟ್ಟಿಯನ್ನೊಮ್ಮೆ ತೆರೆದು ನೋಡಲಿ. ಡಿಎನ್‌ಎಸ್ ಪ್ರಶ್ನೆಗಳು ಬಹುವಾಗಿ ಯುಡಿಪಿ ಎಂಬ ಸಾಗಣೆಯ ಕ್ರಮದಲ್ಲಿ ಬರುತ್ತವೆ. ಹಲವು ಕಾರ್ಡುಗಳು ಯುಡಿಪಿಯನ್ನು ಹಂಚುವಾಗ ಯಂತ್ರಗಳ ವಿಳಾಸವನ್ನಷ್ಟೇ ನೋಡುತ್ತವೆ, ಪೋರ್ಟ್ ಸಂಖ್ಯೆಯನ್ನು ನೋಡುವುದಿಲ್ಲ. ಹೀಗಾಗಿ ಪ್ರಶ್ನೆಗಳೆಲ್ಲ ಒಂದೆರಡು ಯಂತ್ರಗಳ ಮೂಲಕವೇ ಬರುತ್ತಿದ್ದರೆ ಗಂಟೆಗಳೆಲ್ಲ ಒಂದೆರಡು ಕೋರುಗಳ ಕಿವಿಯಲ್ಲೇ ಮೊಳಗುತ್ತಿರುತ್ತವೆ. ಪೋರ್ಟನ್ನೂ ನೋಡಿ ಹಂಚು ಎಂದು ಕಾರ್ಡಿಗೆ ತಿಳಿಸುವುದಕ್ಕೆ ಒಂದು ಸಾಲಿನ ಆದೇಶ ಸಾಕು, ಕಾಸು ಖರ್ಚಿಲ್ಲ.