ಗುರಿಕಾರರೆಲ್ಲ ಗುರುಗಳಲ್ಲ

2014ರ ಆಗಸ್ಟ್ 25. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ವೈಟ್ ಹಿಲ್ಸ್ ಅನ್ನೋ ಊರು. ಲಾಸ್ ವೇಗಸ್‌ಗೆ ಪ್ರವಾಸ ಬಂದವರು ದುಡ್ಡು ಕೊಟ್ಟು ಮೆಷಿನ್ ಗನ್ ಹಾರಿಸಿ ಹೋಗುವ ಶೂಟಿಂಗ್ ರೇಂಜ್ ಅಲ್ಲಿದೆ. ಅವತ್ತು ಅಪ್ಪ, ಅಮ್ಮನ ಜೊತೆ ಬಂದಿದ್ದ ಒಂಬತ್ತು ವರ್ಷದ ಹುಡುಗಿಯ ಕೈಗೆ ಊಜಿ ಗನ್ ಕೊಟ್ಟರು. ತರಬೇತುದಾರ ಪಕ್ಕದಲ್ಲೇ ನಿಂತಿದ್ದ. ಮೊದಲು ಸಿಂಗಲ್ ಶಾಟ್. ಸರಿಯಾಗೇ ಹಾರಿಸಿದಳು. ಆಮೇಲೆ ಗನ್ನನ್ನು ಫುಲ್ ಆಟೊಮ್ಯಾಟಿಕ್‌ಗೆ ಹಾಕಲಾಯಿತು. ಟ್ರಿಗರ್ ಒತ್ತಿದ್ದೇ ತಡ, ಗನ್ ಮೇಲಕ್ಕೆ, ಎಡಕ್ಕೆ ಜಿಗಿಯಿತು. ಗುಂಡು ತರಬೇತುದಾರನ ತಲೆಗೆ ಬಿತ್ತು. ಆತ ಬದುಕಲಿಲ್ಲ.

ಆತ ಬಂದೂಕು ಗೊತ್ತಿಲ್ಲದವನಲ್ಲ, ಸೇನೆಯಲ್ಲಿ ಇದ್ದು ಬಂದವನು. ಹಾಗಾದರೆ ಎಡವಿದ್ದೆಲ್ಲಿ?

ಸ್ವಲ್ಪ ಲೆಕ್ಕ ಹಾಕೋಣ. ಊಜಿಯಂಥ ಗನ್ ಸೆಕೆಂಡಿಗೆ ಕನಿಷ್ಠ ಹತ್ತು ಗುಂಡು ಉಗುಳುತ್ತೆ. ಏನೋ ಎಡವಟ್ಟಾಯ್ತು ಅಂತ ಮನುಷ್ಯನಿಗೆ ಗೊತ್ತಾಗಿ ಬೆರಳು ಸಡಿಲಿಸೋಕೆ ಹೆಚ್ಚೂಕಡಿಮೆ ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಎರಡು ಮೂರು ಗುಂಡು ಹೊರಗೆ ಹೋಗಿರುತ್ತೆ. ಪ್ರತಿ ಗುಂಡೂ ಗನ್ನನ್ನು ಹಿಂದಕ್ಕೆ ತಳ್ಳುತ್ತೆ. ಇದು ನ್ಯೂಟನ್ನನ ಮೂರನೇ ನಿಯಮ, ಹೈಸ್ಕೂಲಲ್ಲಿ ಓದಿದ್ದೇ. ನಮ್ಮ ಹಿಡಿತ ನಳಿಗೆಗಿಂತ ಕೆಳಗಿರುವುದರಿಂದ ಗನ್ನಿನ ಬಾಯಿ ಮೇಲಕ್ಕೇಳುತ್ತೆ. ದೊಡ್ಡವರ ತೋಳು ಅದನ್ನು ತಡೆಯಬಹುದು. ಒಂಬತ್ತು ವರ್ಷದ ಮಗುವಿನ ಮಣಿಕಟ್ಟು ಹೇಗೆ ತಡೆಯುತ್ತೆ ಹೇಳಿ? ‘ಈ ಕೈಗೆ ಈ ಗನ್ ಬೇಡ’ ಅಂತ ಹೇಳಬೇಕಿದ್ದದ್ದು ಟ್ರಿಗರ್ ಒತ್ತುವ ಮುಂಚೆ. ಒತ್ತಿದ ಮೇಲೆ ಯಾವ ತರಬೇತಿಗೂ ಟೈಮ್ ಇರಲ್ಲ.

ಒಳ್ಳೇ ತರಬೇತುದಾರನ ಮೊದಲ ಲಕ್ಷಣ ಇದೇ: ಅವನಿಗೆ ‘ಬೇಡ’ ಅನ್ನೋಕೆ ಬರಬೇಕು. ದುಡ್ಡು ಕೊಟ್ಟವರಿಗೂ ಹೇಳಬೇಕು, ದೊಡ್ಡ ಮನುಷ್ಯರಿಗೂ ಹೇಳಬೇಕು.

ಎರಡನೆಯದು, ಅವನ ಕಣ್ಣು. ಗುಂಡು ಎಲ್ಲಿ ಬಿತ್ತು ಅಂತ ಆಮೇಲೆ ನೋಡಬಹುದು. ಹಾರಿಸುವ ಹೊತ್ತಲ್ಲಿ ಅವನ ಕಣ್ಣಿರಬೇಕಾದದ್ದು ಕಲಿಯುವವನ ಕೈ ಮೇಲೆ, ಬೆರಳಿನ ಮೇಲೆ. ತುಸು ಹಿಂದೆ, ಆದರೆ ತೋಳು ಹಿಡಿದು ತಡೆಯುವಷ್ಟು ಹತ್ತಿರ ನಿಂತಿರಬೇಕು.

ಮೂರನೆಯದು, ತಾಳ್ಮೆ. ಮೊದಲು ಖಾಲಿ ಗನ್ನಿನಲ್ಲಿ ಅಭ್ಯಾಸ. ಆಮೇಲೆ ಒಂದೇ ಒಂದು ಗುಂಡು. ಅನುಭವಿಗಳು ಇನ್ನೊಂದು ಉಪಾಯ ಮಾಡ್ತಾರೆ. ಕಲಿಯುವವನಿಗೆ ಹೇಳದೆ ಅಸಲಿ ತೋಟಾಗಳ ನಡುವೆ ಒಂದು ಡಮ್ಮಿ ಸೇರಿಸಿಡ್ತಾರೆ. ಟ್ರಿಗರ್ ಒತ್ತಿದಾಗ ಸದ್ದು ಬರಲ್ಲ, ಆದರೆ ಕೈ ಬೆದರಿ ಕುಲುಕುತ್ತೆ. ಗುರಿ ಯಾಕೆ ತಪ್ಪುತ್ತಿತ್ತು ಅಂತ ಅವನಿಗೇ ಗೊತ್ತಾಗುತ್ತೆ. ಬೈಗುಳ ಬೇಕಾಗಲ್ಲ.

ನಾಲ್ಕನೆಯದು, ಶಿಸ್ತು. ಅಮೆರಿಕದ ಮಾಜಿ ಮರೀನ್ ಅಧಿಕಾರಿ ಜೆಫ್ ಕೂಪರ್ 1976ರಲ್ಲಿ ಅದೇ ಅರಿಜೋನಾದಲ್ಲಿ ಪಿಸ್ತೂಲ್ ಶಾಲೆ ತೆರೆದವರು. ಅವರು ಪ್ರಚಾರಕ್ಕೆ ತಂದ ನಾಲ್ಕು ನಿಯಮ ಇವತ್ತು ಎಷ್ಟೋ ಕಡೆ ಪಾಠದ ಮೊದಲ ಪುಟ. ಎಲ್ಲ ಬಂದೂಕೂ ಲೋಡ್ ಆಗಿದೆ ಅಂತಲೇ ತಿಳಿಯಿರಿ. ಹೊಡೆಯಬಾರದ್ದರ ಕಡೆಗೆ ಅದರ ಬಾಯಿ ತಿರುಗಿಸಬೇಡಿ. ಗುರಿ ಹಿಡಿಯುವ ತನಕ ಟ್ರಿಗರ್ ಮೇಲೆ ಬೆರಳಿಡಬೇಡಿ. ಗುರಿ ಏನು, ಅದರ ಹಿಂದೆ ಏನಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಇದು ಲಿಫ್ಟಿನ ಹಗ್ಗದ ಲೆಕ್ಕದ ಹಾಗೆ. ಒಂದು ತುಂಡಾದರೂ ಇನ್ನೊಂದು ಹಿಡಿದಿರುತ್ತೆ. ಬೆರಳು ತಪ್ಪಿದರೂ ಬಾಯಿ ನೆಲದ ಕಡೆಗಿದ್ದರೆ ಜೀವ ಉಳಿಯುತ್ತೆ.

ಅಮೆರಿಕದ ಕಥೆ ನಮಗ್ಯಾಕೆ ಅಂತೀರಾ? ಕೇಂದ್ರದ 2016ರ ಶಸ್ತ್ರಾಸ್ತ್ರ ನಿಯಮಗಳು ಬಂದೂಕು ಲೈಸೆನ್ಸಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುತ್ತವೆ. ನಮ್ಮ ಪೊಲೀಸರೂ ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಇನ್ನು ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಆ ಮನೆಗಳಲ್ಲಿ ಕೋವಿ ಹಿಡಿಯೋದನ್ನು ಕಲಿಸುವವರು ಹೆಚ್ಚಾಗಿ ಹಿರಿಯರೇ. ಅಂದರೆ ಅವರೂ ತರಬೇತುದಾರರೇ. ಅಲ್ವಾ?

ಮಲೆನಾಡಿನಿಂದ ಆಗಾಗ ಬರುವ ಸುದ್ದಿ ನೆನಪು ಮಾಡಿಕೊಳ್ಳಿ. ಹಂದಿ ಅಂದ್ಕೊಂಡು ಪೊದೆಗೆ ಗುಂಡು ಹೊಡೆದರು, ಸತ್ತದ್ದು ಜೊತೆಗೆ ಬಂದವನು. ಕಳ್ಳಬೇಟೆ ಅಪರಾಧ, ಅದು ಬೇರೆ ಮಾತು. ಆದರೆ ಅಲ್ಲಿ ಮುರಿದದ್ದು ನಾಲ್ಕನೇ ನಿಯಮ. ಇಂಥ ಸುದ್ದಿಗಳಲ್ಲಿ ‘ಮಿಸ್‌ಫೈರ್’ ಅನ್ನೋ ಪದ ಧಾರಾಳವಾಗಿ ಬಳಕೆಯಾಗುತ್ತೆ. ನಿಜವಾಗಿ ಮಿಸ್‌ಫೈರ್ ಅಂದರೆ ಟ್ರಿಗರ್ ಒತ್ತಿದರೂ ಗುಂಡು ಹಾರದೇ ಇರುವುದು! ಹಾಗಾದಾಗ ಕೂಡ ಗನ್ ತಿರುಗಿಸಿ ನೋಡಬಾರದು, ಬಾಯಿ ಗುರಿಯ ಕಡೆಗೇ ಇಟ್ಟು ಕಾಯಬೇಕು. ತಡವಾಗಿ ಸಿಡಿಯುವ ತೋಟಾಗಳೂ ಇರುತ್ತವೆ. ಇದನ್ನೂ ಕಲಿಸಬೇಕಾದವನು ತರಬೇತುದಾರನೇ.

ನೀವೋ, ನಿಮ್ಮ ಮಕ್ಕಳೋ ಶೂಟಿಂಗ್ ಕಲಿಯೋಕೆ ಹೋದರೆ ಪದಕಗಳ ಸಾಲು ನೋಡಬೇಡಿ. ಗನ್ ಕೊಡುವ ಮುಂಚೆ ಅದನ್ನು ತೆರೆದು ಖಾಲಿ ಇದೆ ಅಂತ ತೋರಿಸ್ತಾನಾ? ಮಾತಾಡುತ್ತಾ ಅದರ ಬಾಯಿ ಜನರ ಕಡೆಗೆ ತಿರುಗಿಸ್ತಾನಾ? ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಕೊಡ್ತಾನಾ? ಇಷ್ಟು ನೋಡಿ. ಕೊನೆಗೆ ಒಂದು ಪ್ರಶ್ನೆ ಕೇಳಿ: ‘ಸರ್, ನೀವು ಯಾರಿಗಾದರೂ ಸರ್ಟಿಫಿಕೇಟ್ ಕೊಡಲ್ಲ ಅಂದದ್ದಿದೆಯಾ?’ ಇಲ್ಲ, ಎಲ್ಲರಿಗೂ ಕೊಟ್ಟಿದ್ದೀನಿ ಅಂತ ಹೆಮ್ಮೆಯಿಂದ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಆ ಕಾಗದದ ಮೇಲಿನ ಸಹಿಯನ್ನು ನಂಬಿ ಓಡಾಡುವವರು ಬಂದೂಕು ಇಲ್ಲದ ನಾವೆಲ್ಲ.